ಎಡಕ್ಕೆ ಎಳೆಯುವ ಗಾಡಿ

ಡ್ರೈವರನ ಮನೆಯಲ್ಲಿ ತಪ್ಪು ಯಾವತ್ತೂ ಗಾಡಿಯದೇ. ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ಊಟಕ್ಕೆ ತಡವಾದರೆ ಕ್ಲಚ್ ಪ್ಲೇಟಿನ ತಪ್ಪು, ನನ್ನ ತಮ್ಮನ ಮದುವೆಗೆ ಬರದೇ ಹೋದದ್ದು ರೇಡಿಯೇಟರಿನ ತಪ್ಪು. ನಮ್ಮ ಮನೆಯವರು ಸಿಂಧನೂರಿನ ಮಿಲ್ಲುಗಳಿಂದ ಅಕ್ಕಿ ಹೇರಿಕೊಂಡು ಸ್ವಂತ ಲಾರಿಯಲ್ಲಿ ಊರೂರು ತಿರುಗಿದವರು. ನಾನು ಮನೆಯಲ್ಲೇ ಬ್ಲೌಸು ಹೊಲಿಯುವವಳು. ಸೂಜಿ ಮುರಿದರೆ ನಾನು ನನ್ನ ಕೈಯನ್ನು ಬೈದುಕೊಳ್ಳುತ್ತೇನೆ, ಮಿಶನ್ನನ್ನಲ್ಲ.

ಮಿಲ್ಲಿನ ಮುಂದೆ ಲಾರಿಗಳು ಪಾಳಿ ಹಚ್ಚಿ ನಿಂತಾಗ ಅವರು ಮೊಬೈಲಿನಲ್ಲಿ ಒಂದೇ ತರದ ವಿಡಿಯೋ ನೋಡುತ್ತಿದ್ದರು. ರಿಮೋಟಿನಿಂದ ನಡೆಯುವ ಮೊಳದುದ್ದದ ಟ್ರಕ್ಕು, ಬಂಡೆಗಲ್ಲುಗಳ ಮೇಲೆ ಒಂದೊಂದೇ ಗಾಲಿ ಊರುತ್ತ ಮೆಲ್ಲಗೆ ಹತ್ತುತ್ತದೆ. ರಾಕ್ ಕ್ರಾಲರ್ ಅಂತ ಅದರ ಹೆಸರು. "ಇದಕ್ಕ ಸ್ಪೀಡ್ ಬ್ಯಾಡಲೇ, ತಾಳ್ಮಿ ಬೇಕು" ಅನ್ನುತ್ತಿದ್ದರು, ರಸ್ತೆಯಲ್ಲಿ ಎಮ್ಮೆ ಕಂಡರೆ ಹಾರ್ನಿನ ಮೇಲಿಂದ ಕೈ ತೆಗೆಯದ ಈ ಮನುಷ್ಯ. ಒಂದು ದಿನ ಬಿಡಿಭಾಗ ತುಂಬಿದ ಡಬ್ಬಿಯೇ ಪಾರ್ಸೆಲ್ಲಿನಲ್ಲಿ ಬಂತು. ಜೋಡಿಸಿಕೊಳ್ಳುವುದು ನಾವೇ ಅಂತೆ. ಮೀಸೆ ಬೆಳ್ಳಗಾದ ಮೇಲೆ ಆಟಿಕೆಯೇ ಎಂದು ಓಣಿಗೆಲ್ಲ ಕೇಳುವ ಹಾಗೆ ಬೈದೆ. ಡಬ್ಬಿ ಅಟ್ಟ ಸೇರಿತು. ಅದನ್ನು ಬಿಚ್ಚುವ ಮೊದಲೇ ಅವರಿಗೆ ಲಕ್ವಾ ಹೊಡೆಯಿತು. ಎಡಗೈ ಹೋಯಿತು, ಎಡಗಾಲು ಎಳೆದು ಹಾಕುವ ಹಾಗಾಯಿತು.

ತೋರಿಸಿದ್ದು ಲಿಂಗಸುಗೂರಿನಲ್ಲಿ. ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದರು. "ಕಾಲು ಒಂದೀಟು ಸುಧಾರಸ್ತೈತಮ್ಮ. ಕೈದು ಹೇಳಾಕ ಬರಂಗಿಲ್ಲ. ಆದ್ರ ಇವ್ರಿಗೆ ಎಡಗಡಿ ಲಕ್ಷ್ಯ ಇಲ್ಲ. ಕಣ್ಣು ಚೊಲೋ ಅದಾವು, ಆದ್ರ ಮೆದುಳು ಆ ಕಡಿ ನೋಡಂಗಿಲ್ಲ. ಇವ್ರು ಇನ್ನ ಗಾಡಿ ಮುಟ್ಟಬಾರ್ದು."

"ಮನಿ ಕಡಿ ಇವ್ರಿಗೆ ಲಕ್ಷ್ಯ ಯಾವಾಗ ಇತ್ರೀ ಡಾಕ್ಟ್ರ?" ಅಂದೆ. ಅವರು ನಗಲಿಲ್ಲ. ನನಗೆ ಅರ್ಥವಾಗಿದ್ದೂ ಅಷ್ಟೇ ಆಗಿತ್ತು. ಲಕ್ಷ್ಯ ಅಂದರೆ ನಾನು ತಿಳಿದದ್ದು ಶ್ರದ್ಧೆ. ಕೈಕಾಲು ಬಂದರೆ ಅದೂ ತಾನಾಗಿ ಬಂದೀತು ಅಂದುಕೊಂಡೆ.

ಮನೆಗೆ ಬಂದ ಮೇಲೆ ತಾಟಿನ ಬಲಭಾಗದ ರೊಟ್ಟಿ ತಿಂದು "ಪಲ್ಯಾನ ಮಾಡಿಲ್ಲೇನು?" ಅನ್ನುತ್ತಿದ್ದರು. ಪಲ್ಯ ಎಡಕ್ಕೇ ಇರುತ್ತಿತ್ತು. ದಾಡಿ ಮಾಡಿಕೊಂಡರೆ ಬಲಗೆನ್ನೆ ನುಣ್ಣಗೆ, ಎಡಗೆನ್ನೆ ಹಾಗೇ. ರೋಗಿಯ ಸಿಡಿಮಿಡಿ, ಹಠ ಅಂದುಕೊಂಡು ನಾನು ತಾಟು ತಿರುಗಿಸಿ ಇಡುತ್ತಿದ್ದೆ, ಮಿಕ್ಕ ದಾಡಿ ನಾನೇ ಮಾಡುತ್ತಿದ್ದೆ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

ಲಾರಿ ಮನೆಯ ಪಕ್ಕ ಬೇವಿನ ಗಿಡದ ಕೆಳಗೆ ನಿಂತೇ ಇತ್ತು. ಲಿಂಗಸುಗೂರಿನ ಒಬ್ಬ ಸಾಹುಕಾರ ಕೊಳ್ಳುತ್ತೇನೆಂದು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದ. ಮಾರೋಣ ಅಂದಾಗಲೆಲ್ಲ ಇವರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಒಂದು ಮಧ್ಯಾಹ್ನ ಅವರೇ ಎದ್ದು ಕೂತು, ಅಟ್ಟದ ಮೇಲಿನ ಡಬ್ಬಿ ಇಳಿಸು ಅಂದರು.

"ಇದನ್ನ ಜೋಡ್ಸೋಣು. ಮಸ್ಕಿ ಗುಡ್ಡದ ಬುಡಕ ಆನಿ ಬೆನ್ನಿನಂಗ ಒಂದು ಕಲ್ಲೈತಿ ನೋಡು, ಅದಕ್ಕ ಹತ್ತಸ್ತೀನಿ. ಬೀಳಲಾರದಂಗ ಹತ್ತಿಸಿದ್ನೆಂದ್ರ ನನ್ನ ಲಾರಿ ಮಾರಂಗಿಲ್ಲ. ನಾ ಮತ್ತ ಸ್ಟೇರಿಂಗ್ ಹಿಡೀತೀನಿ. ಬಿತ್ತಂದ್ರ, ಲಿಂಗಸುಗೂರಿನಂವಗ ಕೀಲಿ ಕೊಟ್ಟುಬಿಡು."

ಆಗಲಿ ಅಂದೆ. ಹುಚ್ಚು ಅಂತ ಗೊತ್ತಿತ್ತು. ಆದರೆ ಅಷ್ಟು ದಿನಗಳ ಮೇಲೆ ಆ ಮುಖದಲ್ಲಿ ಜೀವ ಕಂಡಿತ್ತು, ನನಗೂ ಆಸೆ ಹುಟ್ಟಿತು. ಆಸೆಯಷ್ಟು ಕೆಟ್ಟದ್ದು ಬೇರೆ ಇಲ್ಲ.

ಜೋಡಿಸುವ ಕೈ ನನ್ನದು, ಹುಕುಂ ಅವರದು. ಸೂಜಿಯಲ್ಲಿ ದಾರ ಪೋಣಿಸಿ ಪಳಗಿದ ಕಣ್ಣಿಗೆ ಆ ಸಾಸಿವೆ ಕಾಳಿನಂಥ ಸ್ಕ್ರೂಗಳು ಕಷ್ಟವಾಗಲಿಲ್ಲ. ಉದ್ದಕ್ಕೆ ಎರಡು ಕಬ್ಬಿಣದ ಪಟ್ಟಿ, ನಡುವೆ ಗೇರಿನ ಪೆಟ್ಟಿಗೆ, ಹಿಂದೆ ಮುಂದೆ ಒಂದೊಂದು ಅಚ್ಚು. ಎರಡೂ ಗಾಲಿ ಒಟ್ಟಿಗೇ ತಿರುಗುವಂತೆ ಅಚ್ಚನ್ನು ಬಿಗಿಯಬೇಕು, ಇಲ್ಲದಿದ್ದರೆ ಒಂದು ಗಾಲಿ ಗಾಳಿಯಲ್ಲಿ ಗಿರಗಿರ ತಿರುಗುತ್ತ ಇನ್ನೊಂದು ಸುಮ್ಮನೆ ನಿಂತುಬಿಡುತ್ತದೆ. "ಗಂಡ ಹೆಂಡ್ತಿ ಇದ್ದಂಗ" ಅಂದರು. "ನಮ್ಮನ್ಯಾಗ ಗಿರಗಿರ ತಿರುಗಿದ್ದು ಯಾರು ಅಂತ ಊರಿಗೇ ಗೊತ್ತೈತಿ" ಅಂದೆ. ಲಕ್ವಾ ಹೊಡೆದ ಮೇಲೆ ಅವರು ನಕ್ಕದ್ದು ಅವತ್ತೇ ಮೊದಲು. ಅರ್ಧ ಬಾಯಿಯ ನಗು.

ಟೈರುಗಳೊಳಗೆ ಮೆತ್ತನೆಯ ಸ್ಪಂಜು ತುಂಬಬೇಕಿತ್ತು, ಕಲ್ಲಿನ ಅಂಚನ್ನು ಟೈರು ತಬ್ಬಿ ಹಿಡಿಯಲಿ ಅಂತ. ಡಬ್ಬಿಯಲ್ಲಿದ್ದ ಸ್ಪಂಜು ಅಟ್ಟದ ಸೆಕೆಗೆ ಪುಡಿಪುಡಿಯಾಗಿತ್ತು. ಬ್ಲೌಸಿನೊಳಗೆ ಇಡುವ ಸ್ಪಂಜಿನ ಕಪ್ಪುಗಳನ್ನು ಕತ್ತರಿಸಿ ತುಂಬಿದೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡರು. ಮುಂದಿನ ಗಾಲಿಗಳು ಭಾರವಿದ್ದರೆ ಏರಿನಲ್ಲಿ ಗಾಡಿ ಹಿಂದಕ್ಕೆ ಮಗುಚುವುದಿಲ್ಲ, ಅದಕ್ಕೆ ಪಂಕ್ಚರ್ ಅಂಗಡಿಯಿಂದ ಸೀಸದ ತುಂಡುಗಳನ್ನು ತಂದು ಒಳಗೆ ಅಂಟಿಸಿದೆ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಕ್ಯಾಬಿನ್ ಮಾಡಿದೆ. ನಮ್ಮ ಲಾರಿಯದೇ ಕಿತ್ತಳೆ ಬಣ್ಣ, ಹಿಂದೆ ದೃಷ್ಟಿಯಾಗದಂತೆ ಕರೀ ದಾರದ ಕುಚ್ಚು.

ರಿಮೋಟು ಪಿಸ್ತೂಲಿನ ಹಾಗಿತ್ತು. ಎಡಗೈಯಲ್ಲಿ ಹಿಡಿದು ಅದೇ ಕೈಯ ಬೆರಳಿನಿಂದ ಟ್ರಿಗರಿನ ಕುದುರೆ ಎಳೆದರೆ ಗಾಡಿ ಮುಂದೆ ಹೋಗುತ್ತದೆ, ಬಲಗೈಯಿಂದ ಪುಟ್ಟ ಚಕ್ರ ತಿರುಗಿಸಿದರೆ ಹೊರಳುತ್ತದೆ. ಅವರ ಎಡಗೈ ಇದ್ದೂ ಇಲ್ಲ. ರಿಮೋಟನ್ನು ಒಂದು ಹಲಗೆಗೆ ಬಿಗಿದು, ಕುದುರೆಗೆ ಸೈಕಲ್ಲಿನ ಬ್ರೇಕ್ ತಂತಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನು ಒಂದು ಮರದ ಪೆಡಲಿಗೆ ಜೋಡಿಸಿದೆ. ಬಲಗಾಲಿನಲ್ಲಿ ಒತ್ತಿದರೆ ಎಕ್ಸಲೇಟರು, ಬಲಗೈಯಲ್ಲಿ ಸ್ಟೇರಿಂಗು. ಹಿಂದಕ್ಕೆ ಹೋಗುವ ಸೌಲಭ್ಯ ಮಾತ್ರ ತಪ್ಪಿತು. "ಹಿಂದಕ್ಕ ಯಾಕ ಬೇಕು" ಅಂದರು. ಮೊದಲ ಸಲ ಪೆಡಲ್ ಒತ್ತಿ ಗಾಡಿ ಅಂಗಳದಲ್ಲಿ ತೆವಳಿದಾಗ ಅವರ ಕಣ್ಣಲ್ಲಿ ನೀರು. ನಾನೂ ಅತ್ತೆ, ಸುಳ್ಳು ಯಾಕೆ.

ನಮ್ಮದು ಎರೆಭೂಮಿ, ಕಲ್ಲು ಅಂದರೆ ದುಡ್ಡು ಕೊಟ್ಟು ತರಿಸುವ ವಸ್ತು. ಮನೆ ಕಟ್ಟಿ ಉಳಿದಿದ್ದ ಪಾಯದ ಕಲ್ಲುಗಳನ್ನು ಗುಡ್ಡೆ ಹಾಕಿ ಅಂಗಳದಲ್ಲೇ ಅಭ್ಯಾಸ ಶುರುವಾಯಿತು. ಗಾಡಿ ಹತ್ತುತ್ತಿತ್ತು, ಎಡಕ್ಕೆ ಸರಿಯುತ್ತಿತ್ತು, ಬೀಳುತ್ತಿತ್ತು.

"ಎಡಕ್ಕ ಎಳಿಯಾಕತ್ತೈತಿ. ಅಲೈನ್‌ಮೆಂಟ್ ಹೋಗೈತಿ ನೋಡು."

ನೋಡಿದೆ. ಚಕ್ರಗಳನ್ನು ಹೊರಳಿಸುವ ಕಂಬಿಯನ್ನು ಒಂದು ಸುತ್ತು ಬಿಗಿದೆ. ಮತ್ತೆ ಎಡಕ್ಕೆ ಬಿತ್ತು. ಹೊರಳಿಸುವ ಸಣ್ಣ ಮೋಟಾರಿನ ಹಲ್ಲುಗಾಲಿ ಬಿಚ್ಚಿ ಒಂದು ಹಲ್ಲಿನಷ್ಟು ಬಲಕ್ಕೆ ಕೂಡಿಸಿದೆ. ಎಡಕ್ಕೆ ಬಿತ್ತು. ಸ್ಪ್ರಿಂಗ್ ಬದಲಿಸಿದೆ, ಸೀಸವನ್ನು ಬಲಗಾಲಿಗೆ ಹೆಚ್ಚಿಸಿದೆ. ಕ್ಯಾಬಿನ್ನಿನ ಎಡಗಡೆಯ ಬಣ್ಣವೆಲ್ಲ ಕಿತ್ತು ತಗಡು ಹೊಳೆಯತೊಡಗಿತು, ಬಲಗಡೆ ಒಂದು ಗೀರಿಲ್ಲ. ಅವರು ಮಲಗಿದ್ದಾಗ ನಾನೊಮ್ಮೆ ಓಡಿಸಿ ನೋಡಿದರೆ ಗಾಡಿ ಬಲಕ್ಕೆ ಎಳೆಯುತ್ತಿತ್ತು. ನನಗೆ ನಡೆಸಲು ಬರುವುದಿಲ್ಲ ಅಂದುಕೊಂಡೆ. ಡ್ರೈವರನ ಹೆಂಡತಿಯೂ ಕಡೆಗೆ ಗಾಡಿಯನ್ನೇ ಅನುಮಾನಿಸುತ್ತಾಳೆ, ಇಲ್ಲವೇ ತನ್ನನ್ನು. ಡ್ರೈವರನನ್ನಲ್ಲ.

ಮಸ್ಕಿಗೆ ಬಸ್ಸಿನಲ್ಲಿ ಹೋದೆವು. ಮಡಿಲಲ್ಲಿ ಗಾಡಿ, ಕೈಯಲ್ಲಿ ಹಲಗೆ, ಬುತ್ತಿ. ದಾರಿಯುದ್ದಕ್ಕೂ ಬಸ್ ಡ್ರೈವರನ ಗೇರ್ ಬದಲಿಸುವ ಪರಿಗೆ ಇವರು ಹಲ್ಲು ಕಡಿದರು. ಗುಡ್ಡದ ಬುಡದಲ್ಲಿ ಆ ಕಲ್ಲು ಅವರು ಹೇಳಿದ ಹಾಗೇ ಇತ್ತು, ಆನೆ ಮಲಗಿದಂತೆ. ಒಂದು ಚಪ್ಪಟೆ ಹಾಸುಗಲ್ಲಿನ ಮೇಲೆ ಅವರನ್ನು ಕೂಡಿಸಿದೆ. ಹೋಗುವ ಬರುವ ಕುರಿಗಾರರು ನಿಂತು ನೋಡಿ ಹೋದರು.

"ಮೊದ್ಲು ಟ್ರಯಲ್. ಇದು ಲೆಕ್ಕಕ್ಕಿಲ್ಲ" ಅಂದರು. ಗಾಡಿ ಅರ್ಧ ಹತ್ತಿ ಎಡಕ್ಕೆ ಬಿತ್ತು. ನಾನು ಎತ್ತಿಕೊಂಡು, ಮೇಲಿಂದ ಇಳಿಸಿ ನೋಡಲಿ ಅಂತ ಕಲ್ಲಿನ ನೆತ್ತಿಯಲ್ಲಿ ಇಟ್ಟೆ, ಮೂತಿ ಅವರ ಕಡೆಗೆ ಮಾಡಿ. ಇಳಿಯುತ್ತ ಬಂದು ಮಗುಚಿತು. ಎತ್ತಿದೆ. ಕ್ಯಾಬಿನ್ನಿನ ಬಲಗಡೆಯ ಕಿತ್ತಳೆ ಬಣ್ಣ ಕಿತ್ತಿತ್ತು. ಮೊಟ್ಟಮೊದಲ ಬಾರಿ ಬಲಗಡೆ.

"ಈಗ ಬಲಕ್ಕ ಎಳಿಯಾಕತ್ತೈತಲ್ಲ ಸೂಳೆಮಗಂದು!" ಅವರು ಕೂತಲ್ಲಿಂದ ಕೂಗಿದರು.

ಹೋಗುವಾಗ ಗಾಡಿಯ ಎಡ. ಬರುವಾಗ ಗಾಡಿಯ ಬಲ. ಎರಡು ಸಲವೂ ಅದು ಬಿದ್ದದ್ದು ಅವರ ಎಡಕ್ಕೆ. ಆ ಕಲ್ಲಿನ ಆ ಅಂಚು ಅವರಿಗೆ ಇರಲೇ ಇಲ್ಲ. ತಾಟಿನ ಪಲ್ಯ, ಎಡಗೆನ್ನೆಯ ದಾಡಿ, ಡಾಕ್ಟರು ನಗದೇ ನಿಂತದ್ದು, ಎಲ್ಲ ಒಮ್ಮೆಲೇ ನೆನಪಾಗಿ ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಇಷ್ಟು ದಿನ ನಾನು ರಿಪೇರಿ ಮಾಡಿದ್ದು ಏನೂ ಕೆಡದ ಗಾಡಿಯನ್ನು.

"ಯಾಕ ಕುಂತಿ? ಈಗ ಖರೇ ಆಟ, ಇಡು ಕೆಳಗ" ಅಂದರು.

ಹೇಳಬಹುದಿತ್ತು. ಬೀಳಲಿ, ಮುಗಿಯಲಿ ಅಂತ ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ಆ ಅರ್ಧ ನಗುವಿನ ಮುಖ ನೋಡಿ ಎರಡೂ ಆಗಲಿಲ್ಲ. ಹೊಸದಾಗಿ ಮದುವೆಯಾದಾಗ ಕ್ಲೀನರ್ ಬಾರದ ಒಂದು ದಿನ ಅವರು ನನ್ನನ್ನು ಲಾರಿಯಲ್ಲಿ ಎಡಕ್ಕೆ ಕೂಡಿಸಿಕೊಂಡು ಜವಳಗೇರಾಕ್ಕೆ ಹೋಗಿದ್ದರು. "ಡ್ರೈವರ್‌ಗೆ ಎಡಗಡಿ ಕಾಣಂಗಿಲ್ಲಲೇ, ಎಡಗಣ್ಣು ಕ್ಲೀನರ್‌ದು. ಜಾಗ ಇದ್ರ ಬಾಗ್ಲಕ್ಕ ಎರಡು ಬಡಿ, ಇಲ್ಲಂದ್ರ ಒಂದು" ಅಂತ ಕಲಿಸಿದ್ದರು. ಕಾಲುವೆಯ ಸಣ್ಣ ಸೇತುವೆ ದಾಟುವಾಗ ಕೈ ಕೆಂಪಾಗುವವರೆಗೆ ಬಡಿದಿದ್ದೆ.

ಬುತ್ತಿ ಡಬ್ಬಿ ಕೈಗೆ ತೆಗೆದುಕೊಂಡು ಅವರ ಎಡಕ್ಕೆ ಹೋಗಿ ನಿಂತೆ. ಗಾಡಿ ಏರತೊಡಗಿತು. ಅಂಚಿಗೆ ಸರಿದೊಡನೆ ಡಬ್ಬಿಗೆ ಒಂದು ಬಡಿದೆ. ಅವರ ಕಾಲು ತಾನಾಗಿ ಪೆಡಲ್ ಬಿಟ್ಟಿತು, ಅಷ್ಟು ವರ್ಷದ ರೂಢಿ. "ಬಲಕ್ಕ ತಗೋರಿ, ಇನ್ನೀಟು, ಹಾಂ, ಬರ್ಲಿ ಬರ್ಲಿ." ಎರಡು ಬಡಿದೆ. ಗಾಡಿ ಒಂದು ಗಾಲಿ ಊರಿತು, ಇನ್ನೊಂದು ಊರಿತು. ಬ್ಲೌಸಿನ ಸ್ಪಂಜು ಕಲ್ಲನ್ನು ತಬ್ಬಿತು. ಆನೆಯ ಬೆನ್ನು ದಾಟಿ ನೆತ್ತಿಯ ಮೇಲೆ ಹೋಗಿ ನಿಂತಿತು, ಬೀಳಲಿಲ್ಲ.

"ಹತ್ತಿತು! ನೋಡಿದಿಲ್ಲೋ?" ಎಂದು ಅವರು ಬಲಕ್ಕೆ ತಿರುಗಿದರು. ಅಲ್ಲಿ ಬರೀ ಕಲ್ಲಿತ್ತು. "ಎಲ್ಲಿ ಹೋದ್ಯಲೇ?"

"ಇಲ್ಲೇ ಅದೀನಿ ರೀ" ಅಂದೆ, ಎಡಗಡೆ ಒಂದು ಮೊಳ ದೂರದಲ್ಲಿ ನಿಂತು. ಅವರು ಇನ್ನಷ್ಟು ಬಲಕ್ಕೆ ತಿರುಗಿ ನನ್ನನ್ನು ಹುಡುಕಿದರು. ನಾನು ಅವರ ಬೆನ್ನ ಹಿಂದಿನಿಂದ ಸುತ್ತಿ ಬಲಕ್ಕೆ ಬಂದ ಮೇಲೆಯೇ ಅವರಿಗೆ ನಾನು ಸಿಕ್ಕಿದ್ದು. "ಇಂಥಾ ಹೊತ್ತಿನ್ಯಾಗ ಎಲ್ಲಿ ಹೋಗಿದ್ದಿ?" ಎಂದು ನನ್ನ ಕೈ ಹಿಡಿದುಕೊಂಡರು.

ಬಸ್ಸಿನ ಹಾದಿಯುದ್ದಕ್ಕೂ ಲೋಡ್ ಕೊಡುವ ಏಜೆಂಟರಿಗೆ ಫೋನು. "ಗಾಡಿ ಮಾರಂಗಿಲ್ರಿ, ಸೋಮವಾರದಿಂದ ನಾನ ಬರ್ತೀನಿ." ನಾನು ಕಿಟಕಿಯಿಂದ ರಸ್ತೆಯ ಎಡಗಡೆ ನೋಡುತ್ತಿದ್ದೆ. ಹೊಲದಿಂದ ಮರಳುವ ಹೆಣ್ಣಾಳುಗಳು, ಸೈಕಲ್ಲಿನ ಮುದುಕ, ಚೀಲ ಹಾಕಿಕೊಂಡ ಶಾಲೆಯ ಮಕ್ಕಳು. ನನ್ನ ಕಣ್ಣಿಗೆ ಅವರೆಲ್ಲ ಇದ್ದರು.

ಮಾರನೆಯ ದಿನ ನನ್ನ ತಮ್ಮ ಅವರನ್ನು ಲಿಂಗಸುಗೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅದೇ ಹೊತ್ತಿಗೆ ಲಿಂಗಸುಗೂರಿನ ಸಾಹುಕಾರ ಇಲ್ಲಿಗೆ ಬಂದ. ಕೀಲಿ ಕೊಟ್ಟೆ. ಲಾರಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಅದೂ ನನಗೆ ಹೊಟ್ಟೆ ಉರಿಸಿತು. ಅದು ಹೋದ ಮೇಲೆ ಬೇವಿನ ಗಿಡದ ಕೆಳಗೆ ಎಣ್ಣೆಯ ಕಲೆ ಉಳಿಯಿತು. ಅದರ ಮೇಲೆ ಬೂದಿ ಚೆಲ್ಲಿ ಗುಡಿಸಿದೆ. ಆಮೇಲೆ ಕಟ್ಟೆಯ ಮೇಲಿದ್ದ ಅವರ ಕುರ್ಚಿಯನ್ನು ಎತ್ತಿ, ಗಿಡ ಅವರ ಎಡಕ್ಕೆ ಬರುವ ಹಾಗೆ ತಿರುಗಿಸಿ ಇಟ್ಟೆ.

ಇವತ್ತಿನವರೆಗೂ ಅವರು ಅಲ್ಲೇ ಕೂಡುತ್ತಾರೆ. ಮಡಿಲಲ್ಲಿ ಆ ಪುಟ್ಟ ಗಾಡಿ. "ಲಾರಿ ದಿನಾ ಒಂದೀಟು ಸ್ಟಾರ್ಟ್ ಮಾಡಿಸಿ ಇಡು, ಬ್ಯಾಟರಿ ಕುಂತೀತು" ಅನ್ನುತ್ತಾರೆ. ಮಾಡಿಸೀನಿ ಅನ್ನುತ್ತೇನೆ. ಸೋಮವಾರ ಬಂದಾಗ "ಹೋಗೋಣೇನು?" ಅನ್ನುತ್ತಾರೆ. ಕ್ಲಚ್ ಪ್ಲೇಟ್ ಹೋಗೈತ್ರಿ, ಸಾಮಾನು ಇನ್ನ ಬಂದಿಲ್ಲ ಅನ್ನುತ್ತೇನೆ. ಗಾಡಿಯ ತಪ್ಪು ಅಂದ ಕೂಡಲೇ ಅವರು ಒಪ್ಪಿಕೊಳ್ಳುತ್ತಾರೆ.

ಸಂಜೆ ಒಳಗೆ ಕರೆದುಕೊಂಡು ಬರುವಾಗ ಬಾಗಿಲ ಕಡೆ ತಿರುಗಬೇಕಾಗುತ್ತದೆ. ಆಗ ಆ ಗಿಡ, ಅದರ ಕೆಳಗಿನ ಖಾಲಿ ಜಾಗ ಬಲಕ್ಕೆ ಬರುತ್ತದೆ. ಅದಕ್ಕೇ ನಾನು ಅವರ ಬಲಕ್ಕೆ ನಿಂತು, ಸೆರಗನ್ನು ಅಗಲವಾಗಿ ಹೊದ್ದು, ತೋಳು ಹಿಡಿಯುತ್ತೇನೆ. ಅವರು ನನ್ನ ಮುಖವನ್ನೇ ನೋಡುತ್ತ ಹೊಸ್ತಿಲು ದಾಟುತ್ತಾರೆ.