ಕೌದಿಯೊಳಗಿನ ಪ್ರತಿ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಬಿಷ್ಕೆಕ್ಕಿನ ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಸಾಲ್ಕಿನ್ ಕಂಪ್ಯೂಟರಿನ ಮುಂದೆ ಕೂತು ಶಾಲಾ ಸಮವಸ್ತ್ರದ ತೋಳನ್ನು ಮೂರು ಮಿಲಿಮೀಟರ್ ಉದ್ದ ಮಾಡುತ್ತಿದ್ದಳು. ಕರೆಂಟು ಹೋಗಿ ಬಂತು. ಕಂಪ್ಯೂಟರು ಏಳಲಿಲ್ಲ. ಒಳಗಿನ ಡಿಸ್ಕು ಕೆಟ್ಟಿದೆ ಎಂದ ರಿಪೇರಿಯವನು.

ಹನ್ನೊಂದು ವರ್ಷ ಅವಳು ಬರೆದ, ಬಟ್ಟೆ ಕತ್ತರಿಸುವ ಪ್ಯಾಟರ್ನ್‌ಗಳೆಲ್ಲ ಅದರಲ್ಲಿದ್ದವು. ಮಧ್ಯಾಹ್ನ ಮೂರು ಗಂಟೆಯೊಳಗೆ ಬಟ್ಟೆ ಕತ್ತರಿಸಲು ಶುರು ಮಾಡದಿದ್ದರೆ ಸಮವಸ್ತ್ರದ ಕೆಲಸ ಬೇರೆಯವರ ಪಾಲು. ನಾವು ಇಪ್ಪತ್ತಾರು ಜನ ಮನೆಗೆ.

"ಪ್ರತಿ ಇದೆ ತಾನೆ?" ಮಾಲೀಕ ಮೆದೆರ್ ಕೇಳಿದ.

"ಇದೆ ಅಣ್ಣ, ಶುಕ್ರವಾರದ್ದು. ಮನೇಲಿ."

ಅಸಲು, ಪ್ರತಿ ಎರಡೂ ಒಂದೇ ಸೂರಿನಡಿ ಇರಬಾರದೆಂಬುದು ಅವಳ ನಿಯಮ. ಪುಟ್ಟ ಡಿಸ್ಕಿನಲ್ಲಿ ಪ್ರತಿ ತೆಗೆದು, ಮನೆಯ ಪೆಟ್ಟಿಗೆಯ ಮೇಲೆ ಪೇರಿಸಿದ ಕೌದಿಗಳಲ್ಲಿ ತೀರ ಒಳ್ಳೆಯದರ ಅಂಚಿನ ಕೊಕ್ಕೆ ಬಿಚ್ಚಿ, ಹತ್ತಿಯ ನಡುವೆ ಇಟ್ಟು, ಮತ್ತೆ ಕೊಕ್ಕೆ ಹಾಕುತ್ತಿದ್ದಳು. ಪೆಟ್ಟು ಬೀಳದು, ಮಕ್ಕಳ ಕೈಗೂ ಸಿಗದು.

ಅವಳೂ ನಾನೂ ಅವಳ ಮನೆಗೆ ಓಡಿದೆವು. ಆ ಕೌದಿ ಇರಲಿಲ್ಲ.

"ಪಕ್ಕದ್ಮನೆ ತೊಟ್ಟಿಲ ಔತಣಕ್ಕೆ ಹಾಸೋಕೆ ಕೊಟ್ಟೆ," ಎಂದರು ಅವಳ ಅತ್ತೆ. "ಒಳ್ಳೇದನ್ನೇ ಕೊಡ್ಬೇಕಲ್ವೇನೆ? ಹರಕಲು ಕೊಟ್ಟು ಮಾನ ಕಳ್ಕೊಳ್ಲಾ?"

ಪಕ್ಕದ ಮನೆಯಲ್ಲಿ ಅದನ್ನು ಬಾಗಿಲಿಗೆ ಎದುರಾದ ಹಿರಿಯರ ಜಾಗದಲ್ಲಿ ಹಾಸಿದ್ದರು. ಮೇಲೆ ಎಂಬತ್ತು ದಾಟಿದ ಅಜ್ಜ ಕೂತು ಚಹಾ ಕುಡಿಯುತ್ತಿದ್ದರು. ಅಲ್ಲಿ ಕೂತವರನ್ನು ಏಳಿ ಎನ್ನುವವರು ನಮ್ಮಲ್ಲಿಲ್ಲ. ಸಾಲ್ಕಿನ್ ಮೊಣಕಾಲೂರಿದಳು.

"ತಾತ, ಬೇಜಾರು ಮಾಡ್ಕೋಬೇಡಿ. ನೀವು ನಮ್ಮ ಕಾರ್ಖಾನೆ ಮೇಲೆ ಕೂತಿದ್ದೀರಿ."

"ಓಹೋ! ಆಗ್ಲಿಂದ ಏನೋ ಒತ್ತುತ್ತಿತ್ತು, ನನ್ನ ಮೂಳೇನೇ ಅಂದ್ಕೊಂಡಿದ್ದೆ." ಅಜ್ಜ ಎರಡೂ ಕೈ ಚಾಚಿದರು. "ಎಬ್ಬಿಸಮ್ಮ. ನಾನು ಎಷ್ಟು ಕಾವಿಗೆ ಕೂತ್ರೂ ಕಾರ್ಖಾನೆಯಿಂದ ಮರಿ ಬರಲ್ಲ."

ಬೇರೆ ಕಂಪ್ಯೂಟರಿಗೆ ಡಿಸ್ಕು ಜೋಡಿಸಿದಾಗ ಒಂದೂವರೆ. ಪರದೆಯ ಮೇಲೆ ಹೆಸರುಗಳು ಸಾಲಾಗಿ ಮೂಡಿದವು.

"ಬಂತಲ್ಲ! ಎಲ್ಲಾ ಬಂತು ಅನ್ನು, ಸಾಕು," ಎಂದ ಮೆದೆರ್.

"ಹೆಸರು ಬಂದಿದೆ ಅಣ್ಣ. ತೆರೆದು ನೋಡದೆ ಏನೂ ಹೇಳಲ್ಲ."

ಸಮವಸ್ತ್ರದ ಒಂಬತ್ತು ಅಳತೆಗಳನ್ನು ಮೊದಲು ತೆರೆದಳು. ಒಂದನ್ನು ಮುದ್ರಿಸಿ ಟೇಪು ಹಿಡಿದಳು, ಸರಿಯಿತ್ತು. ತೋಳಿಗೆ ಮೂರು ಮಿಲಿಮೀಟರ್ ಮತ್ತೆ ಸೇರಿಸಿದಳು. ಎರಡೂಕಾಲಿಗೆ ಕತ್ತರಿಸುವ ಯಂತ್ರ ಗುಂಯ್‌ಗುಟ್ಟಿತು. ನಮ್ಮಲ್ಲಿ ಯಾರೋ ಅತ್ತರು, ಯಾರೋ ಚಹಾಕ್ಕೆ ನೀರಿಟ್ಟರು. ಅವಳು ಮಾತ್ರ ಕುರ್ಚಿ ಬಿಡದೆ ಉಳಿದವನ್ನು ಒಂದೊಂದಾಗಿ ತೆರೆಯುತ್ತಲೇ ಇದ್ದಳು.

ಈಗ ಎರಡನೆಯ ಪ್ರತಿಯೊಂದು ನನ್ನ ಮನೆಯ ಕಪಾಟಿನಲ್ಲಿದೆ. ಅದೂ ಅವಳದೇ ನಿಯಮ. ಅಂದು ಸಂಜೆ ಆರಕ್ಕೆ ಮೆದೆರ್ ಮೆಲ್ಲಗೆ, "ಈಗಲಾದ್ರೂ ಹೇಳ್ತೀಯಾ, ಎಷ್ಟು ಉಳೀತು?" ಎಂದು ಕೇಳಿದಾಗ, ಅವಳು ಕಣ್ಣುಜ್ಜಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಾನೂರ ಹನ್ನೆರಡರಲ್ಲಿ ನಾನೂರ ಹತ್ತು."