ಹುಲಿಗೆಮ್ಮ ತಾನೇ ಹಾಕಿದ ಬೀಗ

1946ರಲ್ಲಿ ನಾನು ಸ್ಯಾನಿಟರಿ ಇನ್‌ಸ್ಪೆಕ್ಟರ್ ಆಗಿ ಬಳ್ಳಾರಿಗೆ ಬಂದೆ. ಹೋಟೆಲುಗಳ ಅಡುಗೆಮನೆ ಚೊಕ್ಕವಿದ್ದರೆ ಲೈಸೆನ್ಸ್‌ಗೆ ಶಿಫಾರಸು ಮಾಡುವುದು, ಇಲ್ಲದಿದ್ದರೆ ಬೀಗ ಹಾಕಿಸುವುದು ನನ್ನ ಕೆಲಸ. ಹುಟ್ಟಿದ್ದು ಮಾತ್ರ ಕುರುಗೋಡಿನಲ್ಲಿ, ಮೀನಿನ ಹೆಸರೆತ್ತದ ಮನೆಯಲ್ಲಿ. ಅಂಥವನಿಗೆ ಮೊದಲ ವಾರವೇ ಎದುರಾದದ್ದು ಕೌಲ್ ಬಜಾರಿನ ಹುಲಿಗೆಮ್ಮನ ಮೀನು ಹೋಟೆಲು.

ಸಿರುಗುಪ್ಪದ ಹೊಳೆದಂಡೆಯಲ್ಲಿ ಆಕೆಯ ಗಂಡ ಈರಣ್ಣ ಮೀನು ಆರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ತರುತ್ತಿದ್ದ. ನಾಲ್ಕು ಬೆಂಚು, ಎರಡು ಒಲೆ, ಅಷ್ಟೇ ಹೋಟೆಲು. ನಾನು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, ಒಳಗೆ ಕಾಲಿಡದೆ, 'ಕೊಳೆತ ಮೀನು, ಮುಚ್ಚಿಸತಕ್ಕದ್ದು' ಎಂದು ಬರೆದೆ. ಮೀನಿನ ವಾಸನೆ ಬೇರೆ, ಕೊಳೆತ ಮೀನಿನ ವಾಸನೆ ಬೇರೆ ಎಂಬುದೇ ಈ ಮಹಾಶಯನಿಗೆ ಗೊತ್ತಿರಲಿಲ್ಲ.

ಆಕೆ ಅಳಲಿಲ್ಲ, ಗೋಗರೆಯಲಿಲ್ಲ. ಒಂದು ಮೀನು ತಂದು, ತಲೆಯ ಪಕ್ಕದ ಕಿವಿರನ್ನು ಎತ್ತಿ ತೋರಿಸಿದಳು.

"ಕೆಂಪಗಿದ್ರ ತಾಜಾ, ಕಂದಿದ್ರ ಹಳೇದು. ಗಿರಾಕಿಗೆ ಇದನ್ನ ತೋರ್ಸದ ನಾ ಒಲಿಮ್ಯಾಲ ಇಡಂಗಿಲ್ರಿ. ನೀವೂ ನೋಡಿ ಬರೀರಿ, ಸಾಹೇಬ್ರ."

ಕಿವಿರು ಕೆಂಪಗಿತ್ತು. ನನ್ನ ಮುಖವೂ ಕೆಂಪಾಯಿತು. ಹಾಳೆ ಹರಿದು, ಬುಟ್ಟಿಯಲ್ಲಿದ್ದ ಮೀನನ್ನೆಲ್ಲ ನೋಡಿ ಹೊಸ ರಿಪೋರ್ಟ್ ಬರೆದೆ.

ಆಮೇಲೆ ನಾಲ್ಕು ಬೆಂಚು ಹನ್ನೆರಡಾದವು. ಬ್ರೂಸ್‌ಪೇಟೆಯ ಸಗಟು ವ್ಯಾಪಾರಿಗಳೂ ಅವರ ಹಮಾಲರೂ ಮೈಗೆ ಮೈ ತಾಗಿಸಿ ಕೂತು ಉಣ್ಣುತ್ತಿದ್ದರು. ನಾನು ತಪಾಸಣೆಗೆ ಹೋದಾಗಲೆಲ್ಲ ಹುಲಿಗೆಮ್ಮ ಬುಟ್ಟಿ ಮುಂದಿಟ್ಟು, "ಪಾಸೋ ಫೇಲೋ ಹೇಳ್ರಿ" ಎಂದು ಕಾಡುತ್ತಿದ್ದಳು. ಮೀನು ತಿನ್ನದ ನಾನು ಮೀನಿನ ಪರೀಕ್ಷೆಯಲ್ಲಿ ಪಳಗಿಬಿಟ್ಟೆ!

1952ರಲ್ಲಿ ಲೈಸೆನ್ಸ್ ನವೀಕರಿಸಲು ಹೋದರೆ ಬೇಡವೆಂದಳು. ಈರಣ್ಣನ ಕಣ್ಣು ಮಂಜಾಗಿ ಎರಡು ತಿಂಗಳಿಂದ ಬೇರೊಬ್ಬ, ತಾಜಾ ಹಳೇದು ಆರಿಸದೆ, ಮೀನು ತರುತ್ತಿದ್ದ.

"ದಿನಾ ಅರ್ಧ ಬುಟ್ಟಿ ಚೆಲ್ಲಾಕತ್ತೀನ್ರಿ. ಒಂದಿನ ಚೆಲ್ಲಾಕ ಮನಸು ಬರಲಿಲ್ಲಂದ್ರ ನಿಮ್ಮ ಬೀಗ ಬೀಳತೈತಿ. ಹೆಸರು ಚಲೋ ಇದ್ದಾಗ ನಾನ ಹಾಕ್ಕೊಂತೀನಿ."

ನವೀಕರಣದ ಅರ್ಜಿಯನ್ನು ಮಡಚಿ ಜೇಬಿಗಿಟ್ಟೆ.

ಕೊನೆಯ ದಿನ ಅರ್ಧ ಕೌಲ್ ಬಜಾರೇ ಊಟಕ್ಕೆ ಬಂದಿತ್ತು. ಸಿರುಗುಪ್ಪಕ್ಕೆ ಮರಳುವ ಖುಷಿಯಲ್ಲಿ ಈರಣ್ಣ ಬಾಗಿಲಲ್ಲಿ ನಿಂತು ಎಲ್ಲರನ್ನೂ ಕರೆಯುತ್ತಿದ್ದ. ಹುಲಿಗೆಮ್ಮ ಎಂದಿನಂತೆ ಬುಟ್ಟಿ ಮುಂದಿಟ್ಟಳು. ನಾನು ಕಿವಿರು ಎತ್ತಿ, ಬಗ್ಗಿ ಮೂಸಿ, "ಪಾಸ್" ಎಂದೆ.

"ಅವತ್ತ ಬಾಗಲ್ದಾಗ ಮೂಗು ಮುಚ್ಚಿದ್ರಿ. ಇವತ್ತ ಬುಟ್ಟಿಯೊಳಗ ಇಟ್ಟೀರಿ," ಎಂದಳು. ಹೋಟೆಲೆಲ್ಲ ಗೊಳ್ಳೆಂದಿತು, ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಮುಂದೆ ನಿವೃತ್ತಿಯವರೆಗೂ ಬಾಗಿಲಲ್ಲಿ ನಿಂತು ನಾನು ಒಂದು ರಿಪೋರ್ಟನ್ನೂ ಬರೆಯಲಿಲ್ಲ. ಬೀಗ ಹಾಕಿಸಿದ ಹೋಟೆಲುಗಳು ಎಷ್ಟೋ. ನಗುತ್ತ ತಾನೇ ಬೀಗ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ನನ್ನಿಂದಲೇ ಜಗ್ಗಿಸಿ ನೋಡಿದವಳು ಅವಳೊಬ್ಬಳೇ.