ಮಗುಚಿದರೂ ಏಳುವ ದೋಣಿ

ಭದ್ರಾವತಿಯ ಫೌಂಡ್ರಿಯೊಂದರಲ್ಲಿ ಮೂವತ್ತೆರಡು ವರ್ಷ ಎರಕ ಹೊಯ್ದ ಹುಲಿಯಪ್ಪನಿಗೆ ಕಬ್ಬಿಣದ ಭಾರದ ಮೇಲಿದ್ದಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇರಲಿಲ್ಲ. ನಿವೃತ್ತನಾದ ಮೇಲೆ ಅವನು ದೋಣಿ ಕಟ್ಟಲು ಕೂತದ್ದು ಅಳಿಯ ಭೀಮೇಶನಿಗಾಗಿ. ನೆರೆ ಬಂದಾಗ ತಗ್ಗಿನ ಮನೆಗಳ ಜನರನ್ನು ದಾಟಿಸುವವನು ಭೀಮೇಶ. ಹೋದ ಮಳೆಗಾಲ ಅವನ ದೋಣಿ ಮಗುಚಿ, ಅದರ ತಳ ತಬ್ಬಿಕೊಂಡು ಒಂದು ಗಂಟೆ ತೇಲಿದ್ದ. ಮತ್ತೆ ನೆರೆ ಬಂದರೆ ಮತ್ತೆ ಹೋಗುತ್ತಾನೆ, ಬೇಡವೆಂದರೆ ಕೇಳುವವನಲ್ಲ.

ಮಗಳು ಹೇಮಶ್ರೀ ಮೊಬೈಲಿನಲ್ಲಿ ಓದಿ ಹೇಳಿದಳು: ಇಂಗ್ಲೆಂಡಿನ ಕಡಲತೀರದಲ್ಲಿ ನೂರೈವತ್ತು ವರ್ಷಕ್ಕೂ ಹಿಂದೆಯೇ ಮಗುಚಿದರೆ ತಾವಾಗಿ ಏಳುವ ದೋಣಿಗಳಿದ್ದವು. ತೀರದ ಜನ ಅವುಗಳಲ್ಲಿ ಬಿರುಗಾಳಿಯಲ್ಲೂ ಹುಟ್ಟು ಹಾಕುತ್ತ ಹೋಗಿ ಸಾವಿರಾರು ಜನರನ್ನು ಉಳಿಸಿದರು. ಒಮ್ಮೆ ಅಂಥ ಎರಡು ದೋಣಿ ಮಗುಚಿ ಏಳಲೇ ಇಲ್ಲ. ಇಪ್ಪತ್ತೇಳು ಮಂದಿ ಹೋದರು. ಆಮೇಲೂ ಆ ತೀರದವರು ಹೊಸ ದೋಣಿ ಹತ್ತಿದರು. ಅದನ್ನು ಕೇಳಿ ಹುಲಿಯಪ್ಪ ಅಂಥದೇ ದೋಣಿ ಕಟ್ಟಲು ಹೊರಟ.

ಮೊದಲು ತಾನೇ ಎರಕ ಹೊಯ್ದ ಕಬ್ಬಿಣವನ್ನು ತಳಕ್ಕೆ ಕೂರಿಸಿದ. ಜನರ ಬದಲು ಮರಳಿನ ಚೀಲ ಕಟ್ಟಿ, ಹಗ್ಗ ಸುತ್ತಿ, ದಡದಿಂದ ಎಳೆದು ಮಗುಚಿದರು. ದೋಣಿ ಹೊಟ್ಟೆ ಮೇಲಾಗಿ ಬಿದ್ದುಕೊಂಡಿತು.

"ಹೊರಳಾಡೋ ಕತ್ತೆ ಹಂಗೆ ಬಿದ್ದೈತಲ್ರೀ!" ಹೆಂಡತಿ ಹಾಲಮ್ಮ ನಕ್ಕಳು.

ಇನ್ನಷ್ಟು ಕಬ್ಬಿಣ ಹಾಕಿದ. ದೋಣಿ ಮುಳುಗುವಂತಾಯಿತು. ಕೊರತೆಯಿದ್ದದ್ದು ಗಾಳಿಯದು ಎಂದು ಆಮೇಲೆ ತಿಳಿಯಿತು. ಹೆಚ್ಚಿನ ಕಬ್ಬಿಣ ತೆಗೆದು, ಎರಡೂ ತುದಿಗೆ ಗಾಳಿ ತುಂಬಿದ, ನೀರು ನುಗ್ಗದ ಎತ್ತರದ ಪೆಟ್ಟಿಗೆ ಬಿಗಿದ. ಮಗುಚಿದ ದೋಣಿ ಆ ಪೆಟ್ಟಿಗೆಗಳ ಮೇಲೆ ನಿಲ್ಲಲಾರದೆ ತೂಗಾಡಬೇಕು, ಮೇಲೆ ಬಂದ ಕಬ್ಬಿಣ ಅದನ್ನು ಹೊರಳಿಸಬೇಕು. ಈ ಸಲ ಚೀಲಗಳ ಸಮೇತ ಎದ್ದಿತು.

"ಇನ್ನು ಮನುಷ್ಯ ಕೂರ್ಬೇಕು. ನಾನ್ ಕೂತ್ಕೋತೀನಿ ಮಾವ" ಎಂದ ಭೀಮೇಶ.

"ಬ್ಯಾಡ. ಫೌಂಡ್ರೀಲಿ ಅಚ್ಚು ಮಾಡ್ದೋನೇ ಎರಕದ ಹತ್ರ ನಿಲ್ತಿದ್ದ. ನೀನು ಹಗ್ಗ ಹಿಡಿ ಮಾರಾಯ."

"ಅರವತ್ಮೂರು ವರ್ಷಕ್ಕೆ ಯಾಕ್ರೀ ಈ ಸರ್ಕಸ್ಸು?" ಹಾಲಮ್ಮ ಗದರಿದಳು.

ಬೆಲ್ಟು ಬಿಗಿದು ಕುಳಿತ. ದಡ ವಾಲಿತು, ಆಕಾಶ ವಾಲಿತು. ತಲೆಕೆಳಗಾಗಿ ಭದ್ರಾ ಹೊಳೆಯೊಳಗೆ ಹೋದ. ಹಸಿರು ಕತ್ತಲು. ಒಂದು, ಎರಡು, ಮೂರು. ಏನೂ ಆಗಲಿಲ್ಲ. ಆಗ ಅಂಗಾಲಿನಾಚೆ, ತಾನೇ ಹೊಯ್ದ ಕಬ್ಬಿಣ ನಿದ್ದೆಯಿಂದ ಎದ್ದಂತೆ ಮೆಲ್ಲಗೆ ಕದಲಿತು. ಇಡೀ ಹೊಳೆ ಪಕ್ಕಕ್ಕೆ ಸರಿದು ಅವನನ್ನು ಬೆಳಕಿಗೆ ಬಿಟ್ಟುಕೊಟ್ಟಿತು.

ಮೈಯಿಂದ ನೀರು ಸುರಿಯುತ್ತಿತ್ತು. ಜೀವಮಾನವೆಲ್ಲ ತಾನು ಎತ್ತಿದ ಕಬ್ಬಿಣ ಒಂದು ದಿನ ತನ್ನನ್ನೇ ಎತ್ತೀತೆಂದು ಅವನು ಎಣಿಸಿರಲಿಲ್ಲ.

"ಮಾವ! ಏನಾದ್ರೂ ಮಾತಾಡಿ!" ಭೀಮೇಶ ಈಜಿಕೊಂಡು ಬಂದ.

"ದೋಣಿ ಹತ್ತು," ಎಂದ ಹುಲಿಯಪ್ಪ. "ಈಗ ಇಬ್ರೂ ಮಗುಚೋಣ."

ದಡದಲ್ಲಿ ಹಾಲಮ್ಮ ಕಣ್ಣೊರೆಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗಳೊಂದಿಗೆ ಹಗ್ಗ ಹಿಡಿದಳು.